ದಿಬ್ಬ ಹತ್ತುವ ಬಾತುಕೋಳಿ

ನಮ್ಮ ದೊಡ್ಡಮ್ಮನ ಮನೆಯಲ್ಲಿ ‘ಸೊಟ್ಟ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಗೋಡೆಯ ಗಡಿಯಾರ ವಾಲಿದ್ದರೆ ಸುಮ್ಮನೆ ಎದ್ದು ಸರಿಮಾಡಬೇಕು, ಬಾಯಿ ಬಿಡಬಾರದು. ಚಿಕ್ಕವಳಿದ್ದಾಗ ಒಮ್ಮೆ ಜಡೆ ಸೊಟ್ಟಗಾಯಿತು ಎಂದು ಕೂಗಿದ್ದಕ್ಕೆ ದೊಡ್ಡಮ್ಮ ನನ್ನ ತೊಡೆ ಚಿವುಟಿದ್ದರು. ಚಿವುಟಿದ್ದು ನನಗೇ ಆದರೂ ಕಣ್ಣಲ್ಲಿ ನೀರು ಬಂದದ್ದು ಅವರಿಗೆ. ಅದೇಕೆಂದು ಆಗ ತಿಳಿಯಲಿಲ್ಲ.

ತಮಾಷೆಯೆಂದರೆ, ಆ ಮನೆಯ ಹೊಟ್ಟೆ ತುಂಬುತ್ತಿದ್ದುದೇ ಆ ಮಾತಿನಿಂದ. ಊರಿನ ಯಾವ ಅಂಗಡಿಗೆ ಹೋಗಿ ‘ಒಂದು ಸೊಟ್ಟ ಕೊಡಿ’ ಎಂದರೂ ಅಂಗಡಿಯವರು ಮರುಮಾತಿಲ್ಲದೆ ದೊಡ್ಡಮ್ಮನ ಬಿಯರ್ ಬಾಟಲಿ ತೆಗೆದು ಕೈಗಿಡುತ್ತಿದ್ದರು. ಬಾಟಲಿಯ ಮೇಲಿನ ಲೇಬಲ್ ಒಂದು ಕಡೆಗೆ ವಾಲಿರುತ್ತಿತ್ತು, ಅದಕ್ಕೇ ಆ ಹೆಸರು. ಕೆನೆ ಬಣ್ಣದ ಕಾಗದ, ಅದರ ಮೇಲೆ ಕಪ್ಪು ಬಾತುಕೋಳಿ. ಲೇಬಲ್ ವಾಲಿದ್ದರಿಂದ ಆ ಬಾತುಕೋಳಿ ಯಾವಾಗಲೂ ದಿಬ್ಬ ಹತ್ತುತ್ತಿರುವ ಹಾಗೆ ಕಾಣುತ್ತಿತ್ತು. ಒಂದರಲ್ಲಿ ದಿಬ್ಬ ಕಡಿದು, ಇನ್ನೊಂದರಲ್ಲಿ ಸ್ವಲ್ಪ ಸಲೀಸು.

ನಾನು ಅವರ ವ್ಯಾನು ಓಡಿಸುವವಳು. ಶೆಡ್ಡಿನಿಂದ ಅಂಗಡಿಗಳಿಗೆ ಕ್ರೇಟು ಹಾಕುವುದು, ಖಾಲಿ ಬಾಟಲಿ ವಾಪಸು ತರುವುದು, ದಾರಿಯಲ್ಲಿ ಅಡ್ಡ ಬಂದವರ ಜೊತೆ ಜಗಳವಾಡುವುದು, ಮೂರೂ ನನ್ನದೇ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಆ ಮೂಗು ತಣ್ಣಗಾಗುತ್ತಿದ್ದುದು ಆ ಶೆಡ್ಡಿನೊಳಗೆ ಮಾತ್ರ.

ಶೆಡ್ಡು ಮೊದಲು ಬಸ್ಸು ರಿಪೇರಿ ಮಾಡುವ ಜಾಗವಾಗಿತ್ತು. ನೆಲದ ಎಣ್ಣೆ ಕಲೆ ಇವತ್ತಿಗೂ ಹೋಗಿಲ್ಲ. ಅಲ್ಲಿ ದೊಡ್ಡಮ್ಮ ಬಿಯರ್ ಮಾಡುವುದನ್ನು ನೋಡುವುದೇ ಒಂದು ಸೋಜಿಗ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ನಾಲ್ಕು ಕಾಳು ಬಾಯಿಗೆ ಹಾಕಿ ಕಟಂ ಎನಿಸುವರು. ಕಹಿ ಕೊಡುವ ಹಾಪ್ಸ್ ಹೂವನ್ನು ಅಂಗೈಯಲ್ಲಿ ತಿಕ್ಕಿ ಮೂಸುವರು. ಯೀಸ್ಟ್ ಬಿಟ್ಟ ಮೇಲೆ ಟ್ಯಾಂಕಿನ ತಗಡಿಗೆ ಕಿವಿ ಇಟ್ಟು ನಿಲ್ಲುವರು. ‘ಇನ್ನೂ ಗೊಣಗ್ತಿದೆ, ಮಾತಾಡಿಸ್ಬೇಡ’ ಎಂದರೆ ನಾವು ಬಾಗಿಲು ಸಹ ಮೆಲ್ಲಗೆ ಹಾಕಬೇಕು. ನೀರು, ಕಾಳು, ಹೂವು, ಮತ್ತೆ ಕಣ್ಣಿಗೇ ಕಾಣದ ಒಂದು ಜೀವ. ಇಷ್ಟರಿಂದ ಅಷ್ಟು ರುಚಿ ಹೇಗೆ ಹುಟ್ಟುತ್ತದೋ ನಾನು ಇಷ್ಟು ವರ್ಷ ನೋಡಿದರೂ ನನಗೆ ಬಗೆಹರಿದಿಲ್ಲ.

ಲೇಬಲ್ ಅಂಟಿಸುವುದು ದೊಡ್ಡಪ್ಪನ ಕೆಲಸ. ಅವರು ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಅಳತೆಪಟ್ಟಿಯನ್ನೇ ಮುಟ್ಟದೆ ಗೆರೆ ಎಳೆದರೆ ದಾರ ಹಿಡಿದ ಹಾಗೆ ಇರುತ್ತಿತ್ತಂತೆ. ಬಾತುಕೋಳಿಯನ್ನು ಬರೆದದ್ದೂ ಅವರೇ. ಶೆಡ್ಡು ಹಿಡಿದ ಹೊಸದರಲ್ಲಿ ತಾಮ್ರದ ದೊಡ್ಡ ಹಂಡೆಯನ್ನು ಹಗ್ಗ ಕಟ್ಟಿ ಮೇಲೆತ್ತುವಾಗ ಹಗ್ಗ ಜಾರಿ ಹಂಡೆಯ ಅಂಚು ಅವರ ಹೆಗಲ ಮೇಲೆ ಬಿತ್ತು. ಜೀವ ಉಳಿಯಿತು, ಕತ್ತು ಮಾತ್ರ ಎಡಕ್ಕೆ ವಾಲಿ ಹಾಗೇ ನಿಂತಿತು. ಆ ಹಗ್ಗ ಇದ್ದದ್ದು ದೊಡ್ಡಮ್ಮನ ಕೈಯಲ್ಲಿ.

ಏಣಿ ಹತ್ತುವುದು ಆಗದೆ ಹೋದ ಮೇಲೆ ದೊಡ್ಡಪ್ಪ ಲೇಬಲ್ಲಿಗೆ ಕುಳಿತರು. ಮರದ ತೊಟ್ಟಿಲಿನಂಥ ಹಲಗೆಯಲ್ಲಿ ಬಾಟಲಿ ಮಲಗಿಸಿ, ಗೋಂದು ಸವರಿ, ಕಣ್ಣಳತೆಯಲ್ಲಿ ಅಂಟಿಸಿದರು. ಕತ್ತು ವಾಲಿದವರ ಕಣ್ಣಳತೆಯಲ್ಲಿ ಅದು ನೇರ. ಎತ್ತಿ ನಿಲ್ಲಿಸಿದರೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಹೇಗಿದೆ ಎಂದು ಅವರು ಕೇಳಿದಾಗ ದೊಡ್ಡಮ್ಮ ದಾರ ಹಿಡಿದ ಹಾಗಿದೆ ಎಂದುಬಿಟ್ಟರು. ಅವತ್ತಿನಿಂದ ಮನೆಮಂದಿಯ ಬಾಯಿಗೆಲ್ಲ ಬೀಗ. ಅಂಗಡಿಯಲ್ಲಿ ಜನ ಏನೆಂದು ಕರೆಯುತ್ತಾರೆ ಎಂಬುದು ಶೆಡ್ಡಿನ ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದು ನನಗೂ ಕಟ್ಟಪ್ಪಣೆಯಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಖಾಯಂ ಅಂಗಡಿಗೆ ಕ್ರೇಟು ಇಳಿಸಲು ಹೋದರೆ, ಕಣ್ಣಿಗೆ ಬೀಳುವ ಮೇಲಿನ ಹಲಗೆಯಲ್ಲಿ ಹೊಸ ಬಾಟಲಿಗಳು. ಕೆನೆ ಬಣ್ಣದ ಕಾಗದ, ಕಪ್ಪು ಹಂಸ, ಲೇಬಲ್ ಸೊಟ್ಟ. ಟೀವಿ ತುಂಬ ಜಾಹೀರಾತು ಹಾಕುವ, ಊರಿನಷ್ಟೇ ಅಗಲದ ಕಾರ್ಖಾನೆ ಇರುವ ದೊಡ್ಡ ಕಂಪನಿಯದು. ನಮ್ಮದು ಕೆಳಗೆ, ಸೋಪಿನ ಪುಡಿಯ ಪಕ್ಕದಲ್ಲಿ. ನಾನು ಕೂಗಾಡಿದೆ. ಅಂಗಡಿಯವನು ತಲೆ ಕೆರೆದುಕೊಂಡು, ಗಿರಾಕಿ ಸೊಟ್ಟ ಅನ್ನುತ್ತಾನೆ, ಕೈಗೆ ಸಿಕ್ಕಿದ್ದನ್ನು ಕೊಡುತ್ತೇನೆ, ಎರಡೂ ಸೊಟ್ಟವೇ ಅಲ್ಲವೇ ಎಂದ.

ಅವರದನ್ನು ಆರು ಬಾಟಲಿ ಕೊಂಡು ತಂದು ವ್ಯಾನಿನ ಹಿಂದೆ ಸಾಲಾಗಿ ನಿಲ್ಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆರೂ ಹಂಸಗಳು ಒಂದೇ ದಿಬ್ಬವನ್ನು ಒಂದೇ ಸಮ ಹತ್ತುತ್ತಿದ್ದವು. ಸಿಟ್ಟಿನ ಮಧ್ಯೆಯೂ ನಾನು ಬೆರಗಾಗಿ ನಿಂತೆ. ನೇರ ಅಂಟಿಸಲೆಂದೇ ಮಾಡಿದ ಮನೆಯಷ್ಟು ದೊಡ್ಡ ಯಂತ್ರಕ್ಕೆ ಯಾರೋ ಕುಳಿತು, ಲೆಕ್ಕ ಹಾಕಿ, ನಮ್ಮ ದೊಡ್ಡಪ್ಪನ ಕತ್ತನ್ನು ಕಲಿಸಿದ್ದರು. ಕುಡಿದೂ ನೋಡಿದೆ. ಕೆಟ್ಟದಾಗಿರಲಿಲ್ಲ, ಅದು ಇನ್ನೂ ಮೈ ಉರಿಸಿತು.

ಮೂರು ತಿಂಗಳಾಗುವಷ್ಟರಲ್ಲಿ ನಾನು ಅರ್ಧ ವ್ಯಾನಿನ ಸರಕನ್ನು ವಾಪಸು ತರುವಂತಾಯಿತು. ಒಂದು ಟ್ಯಾಂಕು ತೊಳೆದು ಮಗುಚಿಟ್ಟರು. ದೊಡ್ಡಮ್ಮ ತಾಮ್ರದ ಹಂಡೆಯನ್ನು ಯಾರಾದರೂ ಕೊಳ್ಳುವರೇ ಎಂದು ಒಳಗೊಳಗೇ ವಿಚಾರಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು. ನಾನೇ ಅವರನ್ನು ಎಳೆದುಕೊಂಡು ವಕೀಲೆಯೊಬ್ಬರ ಹತ್ತಿರ ಹೋದೆ. ಹಕ್ಕಿ ಬೇರೆ, ಹೆಸರು ಬೇರೆ, ಉಳಿದದ್ದು ಆ ಸೊಟ್ಟ ಒಂದೇ ಎಂದು ವಕೀಲೆ ಹೇಳಿದರು. ಅದು ನಮ್ಮದೇ ಗುರುತು, ಹೀಗೆ ಅಂಟಿಸುವವನು ನಾನೇ ಎಂದು ದೊಡ್ಡಪ್ಪ ಬಂದು ಸಾಕ್ಷಿ ಹೇಳಿದರೆ ಕೇಸು ನಿಲ್ಲುತ್ತದೆ ಎಂದರು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು.

“ಅವರನ್ನ ಬಿಟ್ಟು ಏನು ಬೇಕಾದ್ರೂ ಮಾಡಿ.”

ವ್ಯಾನಿನಲ್ಲಿ ನಾನು ಅವರ ಮೇಲೆ ರೇಗಿದೆ. ಶೆಡ್ಡು ಮುಳುಗಿದರೂ ಚಿಂತೆಯಿಲ್ಲ, ಒಂದು ಮಾತು ಮುಚ್ಚಿಡಬೇಕು, ಇದೆಂಥ ಹಟ ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ಮನೆ ಮುಂದೆ ಇಳಿಯುವಾಗ ಅವರು, ನೇರ ಗೆರೆ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಹೆಮ್ಮೆಯೇ ಇರಲಿಲ್ಲ, ಅದನ್ನು ತೆಗೆದದ್ದು ನನ್ನ ಕೈ ಎಂದರು. ಕೊನೆಗೆ ದೊಡ್ಡಪ್ಪನ ಸಾಕ್ಷಿಯಿಲ್ಲದೆಯೇ, ವ್ಯಾಪಾರದ ಗುರುತುಗಳ ತಕರಾರು ಕೇಳುವ ಸರ್ಕಾರಿ ಕಚೇರಿಯಲ್ಲಿ ಕೇಸು ಹಾಕಿದೆವು.

ವಿಚಾರಣೆಯ ದಿನ ದೊಡ್ಡಪ್ಪನೂ ಬಂದರು. ಹೆಂಡತಿಯನ್ನು ಸರ್ಕಾರಿ ಕಚೇರಿಗೆ ಒಬ್ಬಳನ್ನೇ ಕಳಿಸುವವರಲ್ಲ ಅವರು. ಲೈಸೆನ್ಸಿನ ಏನೋ ತಕರಾರು ಎಂದು ದೊಡ್ಡಮ್ಮ ಹೇಳಿ, ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ತೊಡೆಯ ಮೇಲೆ ಊಟದ ಚೀಲ ಇಟ್ಟುಕೊಂಡು ಅವರು ಕುಳಿತರು. ಸೆಕೆಗೆಂದು ಕೋಣೆಯ ಬಾಗಿಲು ತೆರೆದೇ ಇತ್ತು.

ಕಂಪನಿಯ ವಕೀಲರು ವಯಸ್ಸಾದವರು, ಮೆದು ಮಾತಿನವರು. ಅವರ ವಾದ ಒಂದೇ: ಇದು ಗುರುತಲ್ಲ, ಕೈತಪ್ಪು, ಕೈತಪ್ಪಿಗೆ ಯಾರೂ ಒಡೆಯರಲ್ಲ. ನಮ್ಮದೊಂದು, ತಮ್ಮದೊಂದು ಬಾಟಲಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಅವರು ದೊಡ್ಡಮ್ಮನ ಕಡೆ ತಿರುಗಿದರು.

“ಒಂದೇ ಪ್ರಶ್ನೆ ತಾಯಿ. ಇದನ್ನ ಬೇಕು ಅಂತಲೇ ಹೀಗೆ ಅಂಟಿಸ್ತೀರಾ, ಇಲ್ಲಾ ಅಂಟಿಸೋರಿಗೆ ನೇರ ಅಂಟಿಸೋಕೆ ಬರಲ್ವಾ?”

ಬೇಕೆಂದೇ ಎಂದರೆ ದೊಡ್ಡಮ್ಮನ ಪಾಲಿಗೆ ಪ್ರಮಾಣ ಮಾಡಿ ಹೇಳಿದ ಸುಳ್ಳು. ಬರುವುದಿಲ್ಲ ಎಂದರೆ ಕೇಸು ಹೋಯಿತು, ಶೆಡ್ಡೂ ಹೋಯಿತು, ಜೊತೆಗೆ ಬಾಗಿಲಾಚೆ ಕುಳಿತವರ ಕಿವಿಗೂ ಬಿತ್ತು. ದೊಡ್ಡಮ್ಮ ಸೆರಗಿನ ತುದಿ ಹಿಂಡುತ್ತ ನಿಂತರು. ಕೊನೆಗೆ ಅವರು, ನಾನು ಉತ್ತರ ಹೇಳುವುದಿಲ್ಲ, ಕೇಸು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ನಮ್ಮ ವಕೀಲೆ ತಲೆಯ ಮೇಲೆ ಕೈಹೊತ್ತರು.

ಆಗ ದೊಡ್ಡಪ್ಪ ಒಳಗೆ ಬಂದರು. ಅಪ್ಪಣೆಯಾದರೆ ಒಂದು ನಿಮಿಷ ಎಂದು ಅಧಿಕಾರಿಯನ್ನು ಕೇಳಿ, ಊಟದ ಚೀಲವನ್ನು ಮೇಜಿನ ಮೇಲೆ ಬಿಚ್ಚಿದರು. ಊಟದ ಡಬ್ಬಿಯ ಕೆಳಗೆ ಎರಡು ಖಾಲಿ ಬಾಟಲಿ, ಗೋಂದಿನ ಶೀಶೆ, ಬ್ರಷ್ಷು, ಲೇಬಲ್ಲುಗಳು. ದೊಡ್ಡಮ್ಮ ಬೇಡ ಎನ್ನುವಂತೆ ಕೈ ಚಾಚಿದರು. ಅವರು ಅತ್ತ ನೋಡಲೇ ಇಲ್ಲ.

ಒಂದು ಬಾಟಲಿಯನ್ನು ಮಲಗಿಸಿ, ಗೋಂದು ಸವರಿ, ಲೇಬಲ್ ಇಟ್ಟು ಹೆಬ್ಬೆರಳಿನಿಂದ ತೀಡಿ ನಿಲ್ಲಿಸಿದರು. ಬಾತುಕೋಳಿ ಸಮತಟ್ಟು ನೆಲದ ಮೇಲೆ ನಿಂತಿತ್ತು. ಅಧಿಕಾರಿ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು. ದಾರ ಹಿಡಿದ ಹಾಗಿತ್ತು. ಆಮೇಲೆ ಎರಡನೆಯದಕ್ಕೆ ಅಂಟಿಸಿ ಪಕ್ಕದಲ್ಲಿಟ್ಟರು. ಇದರಲ್ಲಿ ಬಾತುಕೋಳಿ ದಿಬ್ಬ ಹತ್ತುತ್ತಿತ್ತು.

“ನೇರ ನನಗೆ ಬರುತ್ತೆ ಸ್ವಾಮಿ. ಈ ಸೊಟ್ಟ ನನ್ನದು. ಬೇಕು ಅಂತಲೇ ಹಾಕಿದ್ದು.”

ನಮ್ಮ ಮನೆಯವರ ಬಾಯಲ್ಲಿ, ಅದೂ ಅವರ ಬಾಯಲ್ಲಿ ಆ ಮಾತು! ಕಂಪನಿಯ ವಕೀಲರು ಎರಡು ಬಾಟಲಿಗಳನ್ನೂ, ವಾಲಿದ ಆ ಕತ್ತನ್ನೂ ನೋಡಿ, ತಮ್ಮದು ಇನ್ನೇನೂ ಪ್ರಶ್ನೆ ಇಲ್ಲ ಎಂದು ಕುಳಿತರು. ಮುಂದೆ ಆದೇಶ ಬಂತು. ಕಂಪನಿ ಆ ಲೇಬಲ್ ಬದಲಿಸಿತು, ಹಂಸ ಈಗ ನೇರವಾಗಿ ನಿಂತಿದೆ. ಶೆಡ್ಡು ಉಳಿಯಿತು, ಹಂಡೆಯೂ ಉಳಿಯಿತು. ಆದರೆ ನಾನು ಹೇಳಹೊರಟದ್ದು ಅದಲ್ಲ.

ಅವತ್ತು ವಾಪಸು ಬರುವಾಗ ಮೂವರೂ ವ್ಯಾನಿನ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕುಳಿತಿದ್ದೆವು. ಸಿಗ್ನಲ್ಲಿನಲ್ಲಿ ನಿಂತಾಗ ದೊಡ್ಡಮ್ಮ ರಸ್ತೆ ನೋಡುತ್ತಲೇ ಕೇಳಿದರು.

“ಯಾವಾಗಿಂದ ಗೊತ್ತಿತ್ತು ನಿಮಗೆ?”

ಮೊದಲ ವರ್ಷದಿಂದಲೇ ಎಂದರು ದೊಡ್ಡಪ್ಪ. ಬೆಂಕಿಪೊಟ್ಟಣ ತರಲು ಅಂಗಡಿಗೆ ಹೋದಾಗ ಪಕ್ಕದಲ್ಲಿದ್ದವರು ಒಂದು ಸೊಟ್ಟ ಕೊಡಿ ಎಂದರಂತೆ, ಅಂಗಡಿಯವನು ಇವರು ಅಂಟಿಸಿದ್ದನ್ನೇ ತೆಗೆದು ಕೊಟ್ಟನಂತೆ. ಅಲ್ಲಿಂದಾಚೆ ದೊಡ್ಡಮ್ಮ ಇಲ್ಲದ ಹೊತ್ತಿನಲ್ಲಿ ಹಲಗೆಯ ಅಂಚಿಗೆ ದಾರ ಕಟ್ಟಿಕೊಂಡು ಅಭ್ಯಾಸ ಮಾಡಿದರಂತೆ. ವಾರ ಕಳೆಯುವುದರೊಳಗೆ ಕೈ ಕೂತಿತು. ಈಗ ವಾಪಸು ಬಂದ ಖಾಲಿ ಬಾಟಲಿಗಳ ನಡುವೆ ಹಂಸದ ಬಾಟಲಿ ಸಿಕ್ಕಿದಾಗಲೇ ಕೇಸಿನ ವಾಸನೆಯೂ ಹತ್ತಿತ್ತಂತೆ.

“ಮತ್ತೆ ಇಷ್ಟು ವರ್ಷ ಯಾಕ್ರೀ ನೇರ ಅಂಟಿಸ್ಲಿಲ್ಲ?”

ದೊಡ್ಡಪ್ಪ ತೊಡೆಯ ಮೇಲಿನ ಊಟದ ಚೀಲವನ್ನು ಸರಿಮಾಡಿಕೊಂಡರು.

“ನೇರ ಆಗಿಬಿಟ್ರೆ, ನನಗೆ ಗೊತ್ತಾಯ್ತು ಅಂತ ನಿನಗೆ ಗೊತ್ತಾಗ್ತಿತ್ತು. ನೀನು ಆ ಹಗ್ಗನ ಮತ್ತೆ ಕೈಗೆ ಎತ್ಕೋತಿದ್ದೆ.”

ಸಿಗ್ನಲ್ ಬಿಟ್ಟಿತ್ತು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ಎಂದಿನ ದಿನವಾಗಿದ್ದರೆ ಕಿಟಕಿಯಿಂದ ತಲೆ ಹಾಕಿ ನಾಲ್ಕು ಮಾತು ಕೊಡುತ್ತಿದ್ದೆ. ಅವತ್ತು ನನಗೆ ಗೇರು ಎಲ್ಲಿದೆಯೆಂದೇ ತೋಚಲಿಲ್ಲ. ಇಬ್ಬರು ಒಂದೇ ಸೂರಿನಡಿ ಇದ್ದುಕೊಂಡು, ಒಬ್ಬರಿಗೊಬ್ಬರು ಒಂದೇ ಗುಟ್ಟನ್ನು ಇಷ್ಟು ವರ್ಷ ಕಾಪಾಡಿದ್ದರು. ನಾನೋ, ಹೊಟ್ಟೆಯಲ್ಲಿ ಒಂದು ಮಾತನ್ನು ಸಂಜೆಯವರೆಗೆ ಇಟ್ಟುಕೊಂಡವಳಲ್ಲ. ಅವರ ಪಕ್ಕ ಕುಳಿತಿದ್ದಕ್ಕೇ ನನಗೆ ಏನೋ ಭಾಗ್ಯ ಅನ್ನಿಸಿತು. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಹೋಗೋಣ ನಡಿ ಎಂದರು.

ಮರುದಿನ ಬೆಳಿಗ್ಗೆ ಕ್ರೇಟು ತುಂಬಲು ಹೋದಾಗ ದೊಡ್ಡಪ್ಪ ತಮ್ಮ ಹಲಗೆಯ ಮುಂದೆ ಕುಳಿತಿದ್ದರು. ದೊಡ್ಡಮ್ಮ ಟ್ಯಾಂಕಿಗೆ ಕಿವಿಯಿಟ್ಟಿದ್ದವರು ಅದನ್ನು ಬಿಟ್ಟು ಬಂದು, ಅಂಟಿಸಿಟ್ಟ ಬಾಟಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಮುಖ ಕೆಂಪಾಗಿತ್ತು, ಹೊಸ ಮದುಮಗಳ ಹಾಗೆ.

“ರೀ, ಇದು ಸೊಟ್ಟ ಸಾಲ್ದು. ಇನ್ನೊಂಚೂರು ಹಾಕಿ.”

ದೊಡ್ಡಪ್ಪ ಮರುಮಾತಾಡದೆ ಬಾಟಲಿ ಇಸಿದುಕೊಂಡು, ಲೇಬಲ್ ಕಿತ್ತು, ಮತ್ತೆ ಗೋಂದು ಸವರಿದರು.