ಗುರುತು ಬೀಳದ ಒಂದು ಸಾಲು

ನೀರು ಸರಬರಾಜಿನ ಕ್ಷೇತ್ರದಲ್ಲಿ ಕೀರ್ತಿ ಸಲ್ಲುವುದು ದೊಡ್ಡ ಜಲಾಗಾರ ಕಟ್ಟಿಸಿದವರಿಗೆ. ರಸ್ತೆಯ ಕೆಳಗಿನ ವಾಲ್ವುಗಳನ್ನು ತೆರೆದು ಮುಚ್ಚಿ ಊರಿಗೆಲ್ಲ ನೀರು ಹಂಚುವವರ ನೆನಪು ಜನಕ್ಕೆ ಆಗುವುದು ನಲ್ಲಿ ಒಣಗಿದ ದಿನ, ಅದೂ ಬೈಗುಳದ ಜೊತೆಗೆ. ಅಂಥ ಕೆಲಸದಲ್ಲಿ ಮೂವತ್ತಮೂರು ವರ್ಷ ದುಡಿದು, ಬಿದ್ದ ಬೈಗುಳವನ್ನೂ ತಾರೀಖು ಹಾಕಿ ಬರೆದಿಟ್ಟುಕೊಂಡು, ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯ ಮೇಲ್ವಿಚಾರಕರನ್ನು ವಿಭಾಗದಲ್ಲಿ ಎಲ್ಲರೂ ‘ಜೇಬು ಮೇಷ್ಟ್ರು’ ಎಂದೇ ಕರೆಯುತ್ತಾರೆ. ಈ ಲೇಖಕ ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ಪಳಗಿದವನು. ಅವರ ಬಗ್ಗೆ ಬರೆಯುವ ಯೋಗ್ಯತೆ ಅವನಿಗೇನಾದರೂ ಇದ್ದರೆ ಅದು ಅವನು ಮಾಡಿದ ಒಂದು ತಪ್ಪಿನಿಂದ ಬಂದದ್ದು.

ಮೇಷ್ಟ್ರು ಎಂಬುದು ಅಡ್ಡಹೆಸರು. ಅವರು ಪಾಠ ಹೇಳಿದವರಲ್ಲ, ಫಿಟ್ಟರ್ ಆಗಿ ಸೇರಿದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವ ವಾಲ್ವು ಎಷ್ಟು ಸುತ್ತು ತಿರುಗಿಸಿದರೆ ಮುಚ್ಚುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಗೀಚಿಟ್ಟಿದ್ದರಂತೆ. ಅಂಗಿಯ ಜೊತೆ ಆ ಚೀಟಿಯೂ ಒಗೆಯುವ ಕಲ್ಲಿನ ಮೇಲೆ ಪೆಟ್ಟು ತಿಂದು ಹಿಟ್ಟಾಯಿತು. ಮರುದಿನವೇ ಅಂಗೈಯಗಲದ ಪುಸ್ತಕವೊಂದನ್ನು ಕೊಂಡರು. ಒದ್ದೆಯಾದರೆ ಶಾಯಿ ಹರಡುತ್ತದೆಂದು ಮೋಟು ಪೆನ್ಸಿಲು ಹಿಡಿದರು. ಅವರ ಶ್ರೀಮತಿಯವರು ಪ್ರತಿ ಅಂಗಿಗೂ ಒಳಗಡೆ ಮುಚ್ಚಳವಿರುವ ಇನ್ನೊಂದು ಜೇಬು ಹೊಲಿದುಕೊಡುತ್ತಿದ್ದರು. “ಅವರು ನನ್ನನ್ನ ಮರೆತು ಹೋದ್ರೂ ಹೋದಾರು, ಅದನ್ನ ಮರೆತು ಹೋಗೋರಲ್ಲ” ಎಂದು ಆ ತಾಯಿ ನಗುವುದನ್ನು ಈ ಲೇಖಕನೇ ಕೇಳಿದ್ದಾನೆ. ಹೀಗೆ ತುಂಬಿದ ತೊಂಬತ್ತನಾಲ್ಕು ಪುಸ್ತಕಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವೆಲ್ಲ ಅವರ ಮನೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಇವೆ.

ಬರವಣಿಗೆಗೆ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಮಾಡಬೇಕಾದದ್ದನ್ನು ಸಾಲಾಗಿ ಬರೆಯುವರು. ಮುಗಿದದ್ದರ ಪಕ್ಕದಲ್ಲಿ ಒಂದು ಗೀಟು ಎಳೆಯುವರು. ಮುಗಿಯದ್ದು ಬರಿದಾಗಿ ಉಳಿಯುವುದು. ಬೇರೆಯವರು ಎಷ್ಟು ನಕ್ಕರೂ ಅವರು ತಲೆಕೆಡಿಸಿಕೊಂಡವರಲ್ಲ.

ಆಗ ಹಿರಿಯ ಫಿಟ್ಟರ್ ಆಗಿದ್ದ ಮೇಷ್ಟ್ರ ಕೈಕೆಳಗೆ ಈ ಲೇಖಕ ಫಿಟ್ಟರ್ ಆಗಿ ಸೇರಿ ಇನ್ನೂ ಐದು ತಿಂಗಳಾಗಿತ್ತು, ಕೆಲಸ ಕಾಯಂ ಆಗಿರಲಿಲ್ಲ. ಒಂದು ಬೆಳಿಗ್ಗೆ, ಒಡೆದ ಪೈಪನ್ನು ಕತ್ತರಿಸಲು ಹೆರಿಗೆ ಆಸ್ಪತ್ರೆಯ ಹಿಂದಿನ ಹದಿನೇಳನೆಯ ವಾಲ್ವನ್ನು ಮುಚ್ಚಿ ಬರುವಂತೆ ಕಚೇರಿಯಿಂದ ಅವನನ್ನು ಕಳಿಸಿದರು. ಊರಿನ ವಾಲ್ವುಗಳೆಲ್ಲ ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಓಬೀರಾಯನ ಕಾಲದ ಆ ಹದಿನೇಳನೆಯದೊಂದು ಮಾತ್ರ ಎಡಕ್ಕೆ. ಅವನಿಗದು ಗೊತ್ತಿರಲಿಲ್ಲ. ಬಲಕ್ಕೆ ತಿರುಗಿಸಿದ, ಅಲುಗಲಿಲ್ಲ. ತುಕ್ಕು ಹಿಡಿದಿದೆಯೆಂದುಕೊಂಡು ವಾಲ್ವು ತಿರುಗಿಸುವ ಕೀಲಿಯ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಬಿಟ್ಟ. ಒಳಗಿನ ಕಂಬಿ ಲಟಕ್ಕನೆ ಮುರಿಯಿತು. ಆ ವಾಲ್ವನ್ನು ಇನ್ನು ಮುಚ್ಚುವಂತಿಲ್ಲವಾದ್ದರಿಂದ ಮೇಲಿನ ದೊಡ್ಡ ಕೊಳವೆಯನ್ನೇ ನಿಲ್ಲಿಸಬೇಕಾಯಿತು. ಹೊಸ ಕಂಬಿ ಕೂರಿಸುವವರೆಗೆ ಆಸ್ಪತ್ರೆಗೆ ಒಂಬತ್ತು ಗಂಟೆ ಹೊತ್ತು ನೀರಿಲ್ಲ. ಟ್ಯಾಂಕರುಗಳು ಓಡಿದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಇಂಜಿನಿಯರ್ ಸಾಹೇಬರ ಕೋಣೆಯಲ್ಲಿ ವಿಚಾರಣೆ. “ಮಾಡಿದ್ದುಣ್ಣೋ ಮಹರಾಯ” ಎಂದು ಜೊತೆಯವರು ಆಗಲೇ ಪಿಸುಗುಡುತ್ತಿದ್ದರು. ಕೆಲಸದಿಂದ ತೆಗೆಯುವ ಆದೇಶ ಟೈಪಾಗಿ ಮೇಜಿನ ಮೇಲಿತ್ತು, ಸಹಿಯೊಂದೇ ಬಾಕಿ. ಅದರ ಪಕ್ಕದಲ್ಲೇ, ಮೇಷ್ಟ್ರನ್ನು ಮೇಲ್ವಿಚಾರಕರನ್ನಾಗಿ ಮಾಡುವ ಬಡ್ತಿಯ ಕಡತವೂ ಸಹಿಗೆ ಕಾದಿತ್ತು. ಈ ಲೇಖಕ ಆ ಮೇಜಿನ ಮುಂದೆ ನಿಂತಿದ್ದ.

ಮೇಷ್ಟ್ರನ್ನು ಯಾರೂ ಕರೆದಿರಲಿಲ್ಲ. ತಾವಾಗಿಯೇ ಬಂದರು, ಒಳಜೇಬಿನಿಂದ ಪುಸ್ತಕ ತೆಗೆದು ಮೂರು ದಿನ ಹಿಂದಿನ ಪುಟ ಬಿಡಿಸಿ ಸಾಹೇಬರ ಮುಂದಿಟ್ಟರು. ಐದು ಸಾಲುಗಳು. ನಾಲ್ಕಕ್ಕೆ ಗೀಟು ಬಿದ್ದಿತ್ತು. ಐದನೆಯದು: “ಹೊಸ ಫಿಟ್ಟರಿಗೆ ಹೇಳಬೇಕು: ಹದಿನೇಳು ಎಡಕ್ಕೆ, ಮೂವತ್ತೆಂಟು ಸುತ್ತು.” ಪಕ್ಕದಲ್ಲಿ ಏನೂ ಇರಲಿಲ್ಲ.

“ಹೇಳಬೇಕಾದೋನು ನಾನು, ಹೇಳ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ ಸಾರ್,” ಎಂದರು.

ಸಾಹೇಬರು ಬಡ್ತಿಯ ಕಡತದತ್ತ ಒಮ್ಮೆ ನೋಡಿ, “ಅಲ್ರೀ, ಈ ಹಾಳೆ ಹರಿದು ಬಿಸಾಕಿದ್ರೆ ಯಾರಿಗೆ ಗೊತ್ತಾಗ್ತಿತ್ತು?” ಎಂದು ಕೇಳಿದರು.

“ಒಂದು ಹಾಳೆ ಹರಿದ್ರೆ ಮಿಕ್ಕ ಹಾಳೆಗಳನ್ನ ನಾನೇ ಹೇಗೆ ನಂಬಲಿ ಸಾರ್?”

ಆದೇಶಕ್ಕೆ ಸಹಿ ಬೀಳಲಿಲ್ಲ. ಬಡ್ತಿಯ ಕಡತಕ್ಕೂ ಬೀಳಲಿಲ್ಲ. ಆ ಜಾಗ ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಮೇಷ್ಟ್ರು ಮೇಲ್ವಿಚಾರಕರಾಗಲು ಮತ್ತೆ ಆರು ವರ್ಷ ಹಿಡಿಯಿತು. ಆ ಆರು ವರ್ಷಗಳಲ್ಲಿ ಅವರು ಈ ಲೇಖಕನ ಎದುರು ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ವಿಚಾರಣೆಯ ವಾರ ಅವನ ಕೈಗೊಂದು ಹೊಸ ಪುಸ್ತಕ, ಮೋಟು ಪೆನ್ಸಿಲು ಇಟ್ಟು, “ತಲೆ ನಂಬ್ಬೇಡ ಕಣಯ್ಯ, ಜೇಬು ನಂಬು” ಎಂದದ್ದಷ್ಟೆ. ಅಂದಿನಿಂದ ಇವನೂ ಅದನ್ನು ಒಂದು ದಿನವೂ ಬಿಟ್ಟವನಲ್ಲ.

ಕಳೆದ ವಾರ ಮೇಷ್ಟ್ರು ಕಚೇರಿಯ ಮೇಜು ಖಾಲಿ ಮಾಡುವಾಗ ಆ ಹಳೆಯ ಪುಸ್ತಕ ಸಿಕ್ಕಿತು. ಅವರ ಜಾಗಕ್ಕೆ ಬರಲಿರುವ ಈ ಲೇಖಕ ಆ ಪುಟ ಬಿಡಿಸಿ, “ಇವತ್ತಾದ್ರೂ ಇದಕ್ಕೊಂದು ಗೀಟು ಎಳೆದುಬಿಡಿ ಸಾರ್. ಆಮೇಲೆ ಬಂದೋರಿಗೆಲ್ಲ ಮೊದಲ ದಿನಾನೇ ಹೇಳಿದೀರಲ್ಲ” ಎಂದು ಬೇಡಿಕೊಂಡ. ಅವರು ಕನ್ನಡಕ ಏರಿಸಿ ಓದಿದರು.

“ಇಲ್ಲಿ ಬರ್ದಿರೋದು ನಿನ್ನ ವಿಷಯ. ನಿಂಗೆ ನಾನು ಹೇಳ್ಲಿಲ್ಲ, ವಾಲ್ವೇ ಹೇಳ್ತು. ಹಾಗೇ ಇರ್ಲಿ, ಇಟ್ಕೋ.”

ಆ ಪುಸ್ತಕ ಈಗ ಇವನ ಜೇಬಿನಲ್ಲಿದೆ. ಮೇಷ್ಟ್ರು ತೊಂಬತ್ತೈದನೆಯದನ್ನು ಕೊಂಡಿದ್ದಾರೆಂದೂ, ಅಡುಗೆಮನೆಯ ನಲ್ಲಿಗೆ ವಾಷರ್ ಹಾಕುವುದು, ಮೊಮ್ಮಗಳಿಗೆ ಸೈಕಲ್ ಕಲಿಸುವುದು, ತಿಂಗಳಿಗೊಮ್ಮೆ ಹೋಗಿ ಹದಿನೇಳನೆಯದನ್ನು ನೋಡಿ ಬರುವುದು ಎಂದು ಮೊದಲ ಪುಟದಲ್ಲೇ ಬರೆದಿದ್ದಾರೆಂದೂ ಅವರ ಶ್ರೀಮತಿಯವರು ತಿಳಿಸಿದ್ದಾರೆ. ಆ ದಂಪತಿಗಳಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಮೇಷ್ಟ್ರಿಗೆ ನೂರು ತುಂಬಿದ ದಿನವೂ, ನಾಳೆ ಎದ್ದು ಗೀಟು ಎಳೆಯಲು ಅವರ ಜೇಬಿನಲ್ಲಿ ಒಂದೆರಡು ಸಾಲು ಬಾಕಿ ಉಳಿದಿರಲಿ.