ಹಿಕ್ಕೆ ನೋಡಲು ಎಲೆಕ್ಟ್ರಾನಿಕ್ ಸಿಟಿಗೆ

ರಾಜಗೋಪಾಲನಗರದ ನಮ್ಮ ಮನೆಯಿಂದ ಬೆಳಿಗ್ಗೆ ಏಳೂವರೆಗೆ ಹೊರಟೆ. ಡಿಸೆಂಬರಿನ ಚಳಿ. ಹೆಗಲಿಗೆ ಶಾಲು, ಕಾಲಿಗೆ ಸಾಕ್ಸು, ಕೈಯಲ್ಲಿ ಒಂದು ಬಟ್ಟೆ ಬ್ಯಾಗು. ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ನಿಗೆ ಆಟೋದವನು ಎಂಬತ್ತು ಕೇಳಿ ಅರವತ್ತಕ್ಕೆ ಬಂದ. ಶಿಫ್ಟಿಗೆ ಹೊರಟ ಹೆಂಗಸರು ಟಿಫಿನ್ ಡಬ್ಬಿ ಹಿಡಿದು ರಸ್ತೆಯುದ್ದಕ್ಕೂ ಜೋರಾಗಿ ನಗುತ್ತಾ ನಡೆಯುತ್ತಿದ್ದರು.

ಸ್ಟೇಷನ್ನಿನಲ್ಲಿ ಸೆಕ್ಯುರಿಟಿ ಹುಡುಗಿ ನನ್ನ ಬ್ಯಾಗು ಬಿಚ್ಚಿಸಿದಳು. ಒಳಗೆ ಟೀ ಸೋಸುವ ಜರಡಿ, ಚಿಮಟ, ರಬ್ಬರ್ ಗ್ಲೌಸು, ಭೂತಗನ್ನಡಿ, ಆರಿಂಚಿನ ಮರದ ಸ್ಕೇಲು.

"ಏನ್ ಮೇಡಂ, ಟೀ ಅಂಗಡಿ ಇಡ್ತೀರಾ?"

"ಇಲ್ಲಮ್ಮಾ, ಕಾಡುಪ್ರಾಣಿ ಹಿಕ್ಕೆ ಸೋಸೋಕೆ."

ಅವಳು ಪಕ್ಕದವಳ ಮುಖ ನೋಡಿ, "ಹೋಗಿ ಮೇಡಂ, ಹೋಗಿ" ಎಂದು ಬೇಗ ಬೇಗ ಕಳಿಸಿದಳು.

ಹೊರಡಿಸಿದವಳು ಗಿರಿಜಾ, ಕಾನ್ವೆಂಟ್ ಹಾಸ್ಟೆಲಿನ ನನ್ನ ರೂಮ್‌ಮೇಟ್. ದಾವಣಗೆರೆ ಕಡೆಯವಳು, ಈಗ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಇದ್ದಾಳೆ. ಹಿಂದಿನ ದಿನ ಒಂದು ಫೋಟೋ ಕಳಿಸಿ ಫೋನ್ ಮಾಡಿದ್ದಳು. "ನಮ್ಮ ಕಾಂಪೌಂಡ್ ಗೋಡೆ ಮ್ಯಾಲೆ ಚಿರತೆ ಕಕ್ಕ ಮಾಡೇತಂತ ಅಸೋಸಿಯೇಷನ್‌ನೋರು ಕುಣೀತಾರ. ಪಕ್ಕದ ಯಲ್ಲಮ್ಮನ ಸಪೋಟ ತೋಪಿನಾಗ ಅದು ಅಡಗೇತಂತ. ನಾಳೆ ಮೂರು ಗಂಟೆಗೆ ಜೆಸಿಬಿ ಬಂದು ತೋಪು ಎತ್ತಿಬಿಡ್ತೈತಿ. ನಿನ್ನ ಗಂಡ ಕಲಿಸಿದ್ದು ಏನಾರ ನೆನಪೈತೇನು? ಇದ್ದರ ಬಾ."

ನಮ್ಮವರು ಫಾರೆಸ್ಟ್ ರೇಂಜರ್ ಆಗಿದ್ದರು. ಎಂಬ್ರಾಯ್ಡರಿ, ಎಲೊಕ್ಯೂಷನ್ ಕಲಿತು ಬಂದ ನನಗೆ ಮದುವೆಯಾದ ಮೂರನೇ ದಿನ ಅವರು ಕರೆದುಕೊಂಡು ಹೋಗಿ ತೋರಿಸಿದ್ದು ಕರಡಿಯ ಹಿಕ್ಕೆ. "ಗೆದ್ದಲಿನ ತಲೆಗಳು ಹೇಗೆ ಮಿಂಚ್ತಿವೆ ನೋಡು!" ಎಂದರು. ಐ ವಾಸ್ ಹಾರಿಫೈಡ್. ಆಮೇಲೆ ಮೂವತ್ತು ವರ್ಷ ಅವರ ಹಿಂದೆ ನಾನೂ ಬಗ್ಗಿ ಬಗ್ಗಿ ನಡೆದೆ. ಆನೆ ಲದ್ದಿಯಲ್ಲಿ ಅರೆಬರೆ ಅಗಿದ ನಾರು, ಜಿಂಕೆಯದು ಕಾಳುಕಾಳು, ಚಿರತೆಯದರಲ್ಲಿ ಕೂದಲು, ಮೂಳೆಚೂರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಈಗ ನಮ್ಮ ಬೀದಿಯಲ್ಲಿ ಹೆಗ್ಗಣ ಬಿಟ್ಟರೆ ಯಾರೂ ನನಗೆ ಹಿಕ್ಕೆಯ ಸಹಿ ಹಾಕಿ ಹೋಗುವುದಿಲ್ಲ.

ಟಿಕೆಟ್ಟಿಗೆ ತೊಂಬತ್ತು ರೂಪಾಯಿ. ಆರ್.ವಿ. ರೋಡಿನಲ್ಲಿ ಇಳಿದು ಹಳದಿ ಲೈನಿಗೆ ಬದಲಾಯಿಸಬೇಕು. ಅಲ್ಲಿ ಜನ ನನ್ನನ್ನು ಎಸ್ಕಲೇಟರಿನ ಮೇಲೆ ಹೂವಿನ ಬುಟ್ಟಿಯಂತೆ ಎತ್ತಿಕೊಂಡೇ ಹೋದರು. ಕೊರಳಲ್ಲಿ ಐಡಿ ಕಾರ್ಡಿದ್ದ ಹುಡುಗಿಯೊಬ್ಬಳು ಸೀಟು ಕೊಟ್ಟಳು. ಬೊಮ್ಮನಹಳ್ಳಿ ದಾಟುವಾಗ ಆ ಫೋಟೋ ತೆಗೆದು ಮತ್ತೆ ನೋಡಿದೆ. ಸ್ಕ್ರೀನಿನ ತುಂಬಾ ಅದೇ, ತೋಳಿನಷ್ಟು ದಪ್ಪ. ನಿಜವಾಗಿ ಚಿರತೆಯೇ ಆಗಿದ್ದರೆ ಯಲ್ಲಮ್ಮನಿಗೆ ಏನು ಹೇಳಲಿ?

ಒಂಬತ್ತೂಮುಕ್ಕಾಲಿಗೆ ತಲುಪಿದೆ. ಗಿರಿಜಾ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟು, "ಮೊದಲು ತಿನ್ನು. ಆಮೇಲೆ ಆ ಹೊಲಸು ಮುಟ್ಟಿದ ಕೈಲೆ ನನ್ನ ಅಡಿಗೆಮನಿಗೆ ಬರಬ್ಯಾಡ" ಎಂದಳು. ಎರಡು ಬಜ್ಜಿ ತಿಂದೇ ಇಳಿದೆ.

ಕೆಳಗೆ ಅಸೋಸಿಯೇಷನ್ ಸೆಕ್ರೆಟರಿ ಪ್ರವೀಣ್ ಕಾಯುತ್ತಿದ್ದ. ನಲವತ್ತರ ಆಸುಪಾಸು, ಬಹಳ ಪೊಲೈಟ್. "ಆಂಟಿ, ಇಟ್ಸ್ ಕ್ಲಿಯರ್ಲಿ ಎ ಲೆಪರ್ಡ್. ಇನ್ನೂರು ಮನೆ, ಅಷ್ಟೊಂದು ಮಕ್ಕಳು. ರಿಸ್ಕ್ ತಗೊಳಕ್ಕಾಗಲ್ಲ."

ವಾಕಿಂಗ್ ಟ್ರ್ಯಾಕಿನ ಬೆಂಚಿನ ಕೆಳಗೇ ಒಂದು ಹಿಕ್ಕೆ ಸಿಕ್ಕಿತು. ನಾನು ಉತ್ಸಾಹದಲ್ಲಿ ಬಗ್ಗಿ, "ನರಿ! ಕನ್ನಡಕ ಇಲ್ಲದೇನೂ ಹೇಳ್ತೀನಿ" ಎಂದುಬಿಟ್ಟೆ. ಹಿಂದೆ ನಿಂತಿದ್ದ ಹೆಂಗಸು ನಾಯಿಯ ಬೆಲ್ಟು ಎಳೆದುಕೊಂಡು, "ಸಾರಿ ಆಂಟಿ, ನಮ್ಮ ಬಬ್ಲೂದು. ಕವರ್ ತರೋದು ಮರೆತೋಯ್ತು" ಎಂದಳು. ಪ್ರವೀಣ್ ಬಾಯಿಗೆ ಕೈ ಅಡ್ಡ ಹಿಡಿದ. "ಏ, ಕನ್ನಡಕ ಹಾಕ್ಕೊಳೇ ಮಾರಾಯ್ತಿ!" ಎಂದು ಗಿರಿಜಾ ತಿವಿದಳು. ಹಾಕಿಕೊಂಡೆ.

ಗೇಟು ದಾಟಿ ಗೋಡೆಯ ಆಚೆ ಹೋದೆವು. ಅದು ಯಲ್ಲಮ್ಮನ ಜಾಗ. ಊರಿನ ಹಳೇ ಒಕ್ಕಲು, ಸುತ್ತಲಿನ ಮೂರು ಬಿಲ್ಡಿಂಗಿನ ಓನರ್. ಆದರೂ ಬೆಳಗಿನಿಂದ ಸಂಜೆಯವರೆಗೆ ಇರುವುದು ಹಸಿರು ಬಲೆ ಹೊದ್ದ ಈ ಏಳು ಸಪೋಟ ಮರಗಳ ಕೆಳಗೇ. ತೋಪು ತೆಗೆಯಲು ಅವಳ ಮಕ್ಕಳು ಅಸೋಸಿಯೇಷನ್ನಿಗೆ ಹೂಂ ಅಂದುಬಿಟ್ಟಿದ್ದರು. ಈಕೆ ಅಂದಿರಲಿಲ್ಲ.

"ನಾನು ಮದ್ವೆಯಾಗಿ ಬಂದ್ ವರ್ಸ ನೆಟ್ಟಿದ್ದು ಕಣಮ್ಮ" ಎಂದಳು. "ಚಿರತೆ ಇದ್ರೆ ನನ್ನನ್ನಲ್ವಾ ಮೊದ್ಲು ಎತ್ಕೊಂಡ್ ಓಗ್ಬೇಕಿತ್ತು? ಇಂಗೆ ಕುಂತೇ ಇವ್ನಿ!"

ಅವಳ ಸ್ಟೂಲು ಹತ್ತಿ ಗೋಡೆಯ ಮೇಲೆ ನೋಡಿದೆ. ಒಂದೇ ಜಾಗದಲ್ಲಿ ಹಳೆಯದು, ಹೊಸದು, ನಾಲ್ಕು ಗುಡ್ಡೆ. ಪಕ್ಕದಲ್ಲಿ ಸ್ಕೇಲಿಟ್ಟೆ. ದಪ್ಪ ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ! "ಪ್ರವೀಣ್, ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ನಾಣ್ಯ ಇಡಬೇಕಪ್ಪಾ. ಜೂಮ್ ಮಾಡಿದರೆ ಇರುವೆಯೂ ಆನೆಯೇ. ಅಲ್ಲದೆ ಚಿರತೆ ಸಾಮಾನ್ಯವಾಗಿ ನಡೆಯುವ ದಾರಿಯಲ್ಲಿ ಬಿಡುತ್ತೆ, ಇಂಥ ಆರಿಂಚು ಅಗಲದ ಗೋಡೆ ಹತ್ತಿ ಕೂರಲ್ಲ."

"ಆದ್ರೆ ಆಂಟಿ, ಅದರಲ್ಲಿ ಕೂದಲಿದೆ. ನಾನೇ ಕಡ್ಡೀಲಿ ಕೆದಕಿ ನೋಡ್ದೆ. ಹೇರ್ ಅಂದ್ರೆ ಮಾಂಸ ತಿಂದಿದೆ."

ಮಾತು ಸರಿಯೇ. ಯಲ್ಲಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಗ್ಲೌಸು ಹಾಕಿ ಒಂದು ಗುಡ್ಡೆಯನ್ನು ಎತ್ತಿ, ಅವಳು ಕೊಟ್ಟ ಹಿಡಿ ಮುರಿದ ಮಗ್ಗಿನ ನೀರಿನಲ್ಲಿ ನೆನೆಹಾಕಿದೆ. ಇದರಲ್ಲಿ ಅವಸರ ಮಾಡಿದರೆ ಇರುವುದೆಲ್ಲ ಮುರಿದುಹೋಗುತ್ತದೆ. ಮುಕ್ಕಾಲು ಗಂಟೆ ಮರದ ಕೆಳಗೆ ಕೂತೆವು. ನಮ್ಮವರು ಹೀಗೆ ಕಾಯುವಾಗ ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು, ಯಾವಾಗಲೂ ಶ್ರುತಿ ತಪ್ಪಿ.

ಆಮೇಲೆ ಜರಡಿಗೆ ಸುರಿದು ತೊಳೆದೆ. ಮೊದಲು ಉಳಿದದ್ದು ಐದು ಕಪ್ಪು ಬೀಜ, ಪಾಲಿಶ್ ಹಾಕಿದಂತೆ ಹೊಳೆಯುತ್ತಿದ್ದವು. ಯಾರೂ ಹೇಳಬೇಕಾಗಲಿಲ್ಲ, ಸಪೋಟ. ಜೊತೆಗೆ ಬೂದುಬಣ್ಣದ ಸಣ್ಣ ಕೂದಲು. ಅದರೊಳಗಿನಿಂದ ಚಿಮಟದಲ್ಲಿ ಎರಡು ಬಾಗಿದ ಹಲ್ಲು ಎತ್ತಿ ಅಂಗೈಗಿಟ್ಟೆ. ಕಿತ್ತಳೆ ಬಣ್ಣ.

"ಇದು ಇಲಿ ಹಲ್ಲು. ಕೂದಲೂ ಅದರದೇ. ಹಣ್ಣೂ ತಿಂದು, ಇಲಿಯೂ ತಿಂದು, ದಿನಾ ಅದೇ ಗೋಡೆ ಮೇಲೆ ಬಂದು ಕೂರೋದು ಪುನುಗು ಬೆಕ್ಕು. ಮನೆ ಬೆಕ್ಕಿಗಿಂತ ಸ್ವಲ್ಪ ಉದ್ದ, ಅಷ್ಟೇ."

ಪ್ರವೀಣ್ ಭೂತಗನ್ನಡಿ ಇಸಿದುಕೊಂಡು ಹಲ್ಲನ್ನೇ ನೋಡಿದ. "ಇಲಿ ತಿನ್ನುತ್ತಾ ಆಂಟಿ? ಶ್ಯೂರ್? ಬೇಸ್ಮೆಂಟಲ್ಲಿ ನನ್ನ ಕಾರಿನ ವೈರು ಎರಡು ಸಲ ಕಡಿದಾಕಿವೆ."

"ಹಂಗಾರ ಅದಕ್ಕ ಸಂಬಳ ಕೊಡ್ರಿ!" ಎಂದಳು ಗಿರಿಜಾ.

ಅವನು ನಗುತ್ತಲೇ ಆ ಕಡೆ ಹೋಗಿ ಎರಡು ಫೋನ್ ಮಾಡಿದ. ವಾಪಸ್ ಬಂದು, "ಜೆಸಿಬಿ ಕ್ಯಾನ್ಸಲ್ ಮಾಡ್ದೆ. ಗ್ರೂಪಲ್ಲಿ ನಾನೇ ಎಕ್ಸ್‌ಪ್ಲೇನ್ ಮಾಡ್ತೀನಿ" ಎಂದ.

ಆದರೆ ಯಲ್ಲಮ್ಮ ನಗಲಿಲ್ಲ. ಜರಡಿಯಲ್ಲಿದ್ದ ಬೀಜಗಳನ್ನು ಎಣಿಸಿದಳು. "ಅಂಗಾದ್ರೆ ಎರಡ್ ವರ್ಸದಿಂದ ನನ್ ಅಣ್ಣು ಕದೀತಿರೋದು ಇದೇಯ? ಪಾಪ, ಗೇಟಿನ್ ಸೆಕ್ಯುರಿಟಿ ಅಣ್ಣನೇ ಕಳ್ಳ ಅಂತ ಬಾಯಿಗ್ ಬಂದಂಗೆ ಬೈದ್ಬಿಟ್ನಲ್ಲಮ್ಮಾ!" ಮರ ಉಳಿಯಿತು, ಇನ್ನು ಈಕೆಯೇ ಬೆಕ್ಕಿಗೆ ಬೋನು ಇಡಿಸಿದರೆ? ಅವಳು ಎದ್ದು ಗೇಟಿನ ಕಡೆ ಹೋದಳು. ಸೆಕ್ಯುರಿಟಿಯವನ ಕೈಗೆ ಸೆರಗಿನಿಂದ ಒಂದಿಷ್ಟು ಹಣ್ಣು ಸುರಿಯುತ್ತಿದ್ದುದು ದೂರದಿಂದ ಕಂಡಿತು.

ಮೂರು ಸಲ ಸೋಪು ಹಚ್ಚಿ ಕೈ ತೊಳೆದ ಮೇಲೆ ಗಿರಿಜಾ ಊಟ ಹಾಕಿದಳು: ರೊಟ್ಟಿ, ಎಣ್ಣೆಗಾಯಿ. ನಾಲ್ಕು ಗಂಟೆಗೆ ಹೊರಟೆ. ಮೆಟ್ರೋ ಸ್ಟೇಷನ್ನಿನ ದಾರಿ ತೋಪಿನ ಪಕ್ಕದಲ್ಲೇ ಹೋಗುತ್ತದೆ. ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಹಣ್ಣು ಉಳಿಸಲು ಏಳು ಮರಕ್ಕೂ ಕಟ್ಟಿದ್ದ ಹಸಿರು ಬಲೆ ಹಾಗೇ ಇತ್ತು. ಯಲ್ಲಮ್ಮ ನಾನು ಹತ್ತಿದ್ದ ಸ್ಟೂಲನ್ನು ಗೋಡೆಯ ಪಕ್ಕದ ಮರದ ಕೆಳಗೆ ಇಟ್ಟುಕೊಂಡು, ಗೋಡೆಯತ್ತ ಚಾಚಿದ ತಗ್ಗಿನ ಕೊಂಬೆಯೊಂದರ ಬಲೆಯನ್ನು ಗಂಟು ಗಂಟಾಗಿ ಬಿಚ್ಚುತ್ತಿದ್ದಳು. ಆ ಒಂದೇ ಕೊಂಬೆಯದು.