ದೀಪ ಹಚ್ಚಿದ ಮೇಲೆ ಗುಡಿಸುವ ರೋಬೋಟು

ಮಗಳು ತಂದ ಕಸ ಗುಡಿಸುವ ರೋಬೋಟಿನ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಸೋಫಾದ ಕೆಳಗೆ ನಾನೆಂದೂ ಅಷ್ಟು ಚೊಕ್ಕವಾಗಿ ಗುಡಿಸಿದವಳಲ್ಲ. ಆದರೆ ಅವಳು ಆ್ಯಪ್‌ನಲ್ಲಿ ಅದಕ್ಕೆ ಸಂಜೆ ಆರೂವರೆಯ ಟೈಮ್ ಇಟ್ಟಿದ್ದಳು. ನಮ್ಮ ಮೂಡಲಪಾಳ್ಯದ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಪೊರಕೆ ಮುಟ್ಟುವುದಿಲ್ಲ. ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ನಾನು ದೇವರ ಮುಂದೆ ಕೈಮುಗಿದು ನಿಂತಿದ್ದಾಗಲೇ ಅದು ಗುರ್ರೆನ್ನುತ್ತ ಬಂದು ಕಾಲಿಗೆ ಗುದ್ದಿತು. ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಂಗಾತ ಮಲಗಿಸಿದೆ.

ಐದೇ ನಿಮಿಷಕ್ಕೆ ಆಫೀಸಿನಿಂದ ಮಗಳ ಫೋನು.

"ಅಮ್ಮಾ, ರೋಬೋಟ್ ಎಲ್ಲೋ ಸಿಕ್ಕಾಕೊಂಡಿದೆ ಅಂತ ಮೆಸೇಜ್ ಬಂತು."

"ಸಿಕ್ಕಾಕೊಂಡಿಲ್ಲ ಕಣೇ, ನಾನೇ ಮಲಗ್ಸಿದೀನಿ. ದೀಪ ಹಚ್ಚಾಯ್ತು."

"ಅದೇನು ಪೊರಕೆನಾ? ಮೆಷಿನ್ ಅಮ್ಮಾ! ಅದು ನಿನ್ನ ಮಾತು ಕೇಳುತ್ತಾ?"

"ನಿನ್ನನ್ನೇ ದಾರಿಗೆ ತಂದೋಳು ನಾನು, ಇದ್ಯಾವ ಲೆಕ್ಕ!"